ಗಿರಿಜನ ತರುಣರಿಗೊಂದು ಚಾವಡಿ

ಒಂದು ಸರ್ಕಾರವು ತನ್ನ ಪ್ರಜೆಗಳಲ್ಲಿ ಯಾರನ್ನು ಎಷ್ಟರಮಟ್ಟಿಗೆ ನೆನೆಯುತ್ತದೆಂಬುದನ್ನು ಅದು ಕಟ್ಟಿಸಿದ ಕಟ್ಟಡಗಳಿಂದ ತಕ್ಕಮಟ್ಟಿಗೆ ಊಹಿಸಬಹುದು. ಶಿವಮೊಗ್ಗ ನಗರದ ಹೊರವಲಯದಲ್ಲಿರುವ ಸೋಗಾನೆಯಲ್ಲಿ ಅಂಥ ಎರಡು ದೊಡ್ಡ ಕಟ್ಟಡಗಳಿವೆ. ಒಂದು ಕೇಂದ್ರ ಕಾರಾಗೃಹ. ಮತ್ತೊಂದು ವಿಮಾನ ನಿಲ್ದಾಣ. ವಿಮಾನ ನಿಲ್ದಾಣವು ೨೦೨೩ನೆಯ ಇಸವಿ ಫೆಬ್ರವರಿ ೨೭ರಂದು ಪ್ರಧಾನಮಂತ್ರಿಗಳಿಂದ ಉದ್ಘಾಟಿತವಾಯಿತು. ಅದೇ ವರ್ಷದ ಆಗಸ್ಟ್ ೩೧ರಿಂದ ಬೆಂಗಳೂರಿಗೆ ವಿಮಾನ ಸಂಚಾರವೂ ಮೊದಲಾಯಿತು. ೩,೨೦೦ ಮೀಟರು ಉದ್ದದ ಓಡುದಾರಿ, ಕಮಲದ ಆಕೃತಿಯ ನಿಲ್ದಾಣ ಗೃಹ, ಅದರ ಮೇಲೆ ರಾಷ್ಟ್ರಕವಿ ಕುವೆಂಪು ಅವರ ಹೆಸರು: ಜಿಲ್ಲೆಯ ಪೌರರು ಹೆಮ್ಮೆಪಡತಕ್ಕ ಕಾರ್ಯವೇ ಸರಿ. ಅದರ ಬೆಲೆಯನ್ನು ಕುಗ್ಗಿಸುವುದು ನಮ್ಮ ಉದ್ದೇಶವಲ್ಲ. ಆದರೆ ಹುಟ್ಟಿದ ಪ್ರತಿ ಮಗುವೂ ವಿಶ್ವಮಾನವನೆಂದು ಸಾರಿದ ಮಹಾಕವಿಯ ಹೆಸರನ್ನು ಹೊತ್ತಿರುವ ಸ್ಥಳದ ಆಸುಪಾಸಿನಲ್ಲಿ, ಆ ಮಾತಿಗೆ ತಕ್ಕ ಮೂರನೆಯ ಮನೆಯೊಂದೂ ಏಳಬೇಕೆಂದು ನಾವು ಬಯಸುತ್ತೇವೆ. ಶಾಲೆಯನ್ನು ಬಿಟ್ಟು, ಸಂಸಾರವನ್ನು ಇನ್ನೂ ಹೊರದೆ, ಏನು ಮಾಡಬೇಕೆಂದು ತೋಚದೆ ನಿಂತಿರುವ ಗಿರಿಜನ ತರುಣ ತರುಣಿಯರ ಮನೆಯದು. ಅದರ ಅವಶ್ಯಕತೆಯನ್ನು ವಾಚಕ ಮಹಾಶಯರ ಮುಂದಿಡುವುದೇ ಈ ಲೇಖನದ ಪ್ರಯೋಜನ.

ಗಿರಿಜನರೆಂದೊಡನೆ ನಮ್ಮ ಪಟ್ಟಣಿಗರ ಮನಸ್ಸು ಬಿಳಿಗಿರಿರಂಗನ ಬೆಟ್ಟಕ್ಕೋ ಹೆಗ್ಗಡದೇವನಕೋಟೆಯ ಕಾಡಿಗೋ ಹೋಗುವುದು. ಹತ್ತಿರದಲ್ಲಿರುವವರು ಕಣ್ಣಿಗೆ ಬೀಳುವುದಿಲ್ಲ. ಮಲೆನಾಡಿನ ಅಡಕೆ ತೋಟಗಳ ಅಂಚಿನಲ್ಲಿ ತಲೆಮಾರುಗಳಿಂದ ದುಡಿಯುತ್ತ ಬಂದ ಹಸಲರು ಇದೇ ಜಿಲ್ಲೆಯವರು. ಶಿವಮೊಗ್ಗ ತಾಲ್ಲೂಕಿನ ಸದಾಶಿವಪುರದಲ್ಲಿ ನೆಲೆಸಿರುವ ಹಕ್ಕಿಪಿಕ್ಕಿಗಳು ನಮ್ಮ ಸಂತೆಬೀದಿಗಳಲ್ಲಿ ನಿತ್ಯವೂ ನಮಗೆದುರಾಗುವವರು. ಇಬ್ಬರೂ ಪರಿಶಿಷ್ಟ ಪಂಗಡಗಳ ಪಟ್ಟಿಯಲ್ಲಿ ಸೇರಿದವರೇ. ೨೦೧೧ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ಪರಿಶಿಷ್ಟ ಪಂಗಡದವರ ಸಂಖ್ಯೆ ೪೨ ಲಕ್ಷಕ್ಕೆ ಮಿಕ್ಕಿತ್ತು. ಅಂದರೆ ನೂರಕ್ಕೆ ಏಳು ಮಂದಿ. ಆದರೆ ಆ ಸಂಖ್ಯೆಯ ಬಹುಪಾಲು ನಾಯಕ ಸಮುದಾಯದ್ದು. ಹಸಲರು, ಹಕ್ಕಿಪಿಕ್ಕಿಗಳು, ಮಲೇರು ಮೊದಲಾದ ಸಣ್ಣ ಪಂಗಡಗಳು ದೊಡ್ಡ ಲೆಕ್ಕದ ಕೊನೆಯಲ್ಲಿ ಬರೆದಿಟ್ಟ ಚಿಲ್ಲರೆಯಂತೆ ಉಳಿದುಬಿಡುವುವು.

ಯೋಜನೆಗಳಿಲ್ಲವೆಂದು ನಾವು ಹೇಳುವುದಿಲ್ಲ. ಮಕ್ಕಳಿಗೆ ಆಶ್ರಮ ಶಾಲೆಗಳಿವೆ, ವಿದ್ಯಾರ್ಥಿನಿಲಯಗಳಿವೆ, ರಾಜ್ಯದ ಮೀಸಲಾತಿಯನ್ನು ೨೦೨೨ರಲ್ಲಿ ನೂರಕ್ಕೆ ೩ರಿಂದ ೭ಕ್ಕೆ ಏರಿಸಿದ್ದೂ ಆಯಿತು. ಕೇಂದ್ರ ಸರ್ಕಾರದವರು ೨೦೨೩ರ ನವೆಂಬರ್ ೧೫ರಂದು ಆರಂಭಿಸಿದ ಜನಮನ್ ಯೋಜನೆಯಲ್ಲಿ ಬಹೂಪಯೋಗಿ ಕೇಂದ್ರಗಳಿಗೂ ಸ್ಥಾನವುಂಟು. ಆದರೆ ಅದು ಅತಿ ದುರ್ಬಲವೆಂದು ಗುರುತಿಸಲ್ಪಟ್ಟ ಪಂಗಡಗಳಿಗೆ ಮಾತ್ರ ಅನ್ವಯಿಸತಕ್ಕದ್ದು. ಕರ್ನಾಟಕದಲ್ಲಿ ಅಂಥವು ಜೇನುಕುರುಬ ಮತ್ತು ಕೊರಗ ಎಂಬ ಎರಡೇ. ೨೦೨೪ರ ಅಕ್ಟೋಬರ್ ೨ರಂದು ಮೊದಲಾದ ಧರ್ತಿ ಆಬಾ ಅಭಿಯಾನವಾದರೋ ಮುಖ್ಯವಾಗಿ ಗಿರಿಜನರು ಬಹುಸಂಖ್ಯೆಯಲ್ಲಿರುವ ಗ್ರಾಮಗಳತ್ತ ನೋಡುವುದು. ಹೀಗೆ ಒಂದು ಯೋಜನೆಯಲ್ಲಿ ಪಂಗಡದ ಹೆಸರು ಅಡ್ಡಬರುತ್ತದೆ, ಮತ್ತೊಂದರಲ್ಲಿ ತಲೆಗಳ ಲೆಕ್ಕ. ತೋಟದ ಬದಿಗೆ ನಾಲ್ಕು ಮನೆ, ಊರಾಚೆ ಹತ್ತು ಮನೆ ಎಂದು ಚದುರಿ ಬಾಳುವವರು ಎರಡರ ನಡುವೆ ಜಾರಿಹೋಗುತ್ತಾರೆ. ಅವರಲ್ಲಿಯೂ ವಿಶೇಷವಾಗಿ ಜಾರಿಹೋಗುವವರು ಹದಿನೈದರಿಂದ ಇಪ್ಪತ್ತೈದು ವಯಸ್ಸಿನವರು. ಶಾಲೆಯ ಹಾಜರಿ ಪುಸ್ತಕದಲ್ಲಿ ಅವರ ಹೆಸರಿರುವುದಿಲ್ಲ, ಪಹಣಿಯಲ್ಲಿಯೂ ಇರುವುದಿಲ್ಲ.

ಹಕ್ಕಿಪಿಕ್ಕಿಗಳ ಇತ್ತೀಚಿನ ಚರಿತ್ರೆಯನ್ನು ನೋಡಿದರೆ ನಮ್ಮ ಮಾತು ಸ್ಪಷ್ಟವಾಗುವುದು. ಇವರ ಮನೆಮಾತು ವಾಗ್ರಿ; ಅದು ಗುಜರಾತಿಗೆ ಸಮೀಪದ ಭಾಷೆ. ಹೆಸರೇ ಹೇಳುವಂತೆ ಹಕ್ಕಿ ಹಿಡಿಯುವುದೂ ಬೇಟೆಯಾಡುವುದೂ ಇವರ ಕುಲವೃತ್ತಿ. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಆ ವೃತ್ತಿಯನ್ನು ಅಪರಾಧವನ್ನಾಗಿ ಮಾಡಿತು. ಕಾಯಿದೆ ಬೇಕಾದದ್ದೇ; ಕಾಡುಪ್ರಾಣಿಗಳು ಉಳಿಯಬೇಕಾದುದೂ ದೇಶದ ಹಿತವೇ. ಆದರೆ ಒಂದು ಸಮಾಜದ ಅನ್ನದ ದಾರಿಯನ್ನು ಕಾನೂನಿನಿಂದ ಮುಚ್ಚಿದವರು ಇನ್ನೊಂದು ದಾರಿಯನ್ನು ತೆರೆದು ತೋರಿಸಬೇಕಾದುದು ನ್ಯಾಯ. ಆ ನ್ಯಾಯವು ಪೂರ್ಣವಾಗಿ ನಡೆಯಲಿಲ್ಲ. ಇವರು ಸುಮ್ಮನೆ ಕೂರಲಿಲ್ಲ. ಗಿಡಮೂಲಿಕೆಯ ಪರಿಚಯವನ್ನೇ ಬಂಡವಾಳ ಮಾಡಿಕೊಂಡು ಕೇಶತೈಲ, ಔಷಧಿಯ ಎಣ್ಣೆಗಳನ್ನು ಕಾಯಿಸಿ ಮಾರತೊಡಗಿದರು. ಊರಿಂದ ಊರಿಗೆ, ರಾಜ್ಯದಿಂದ ರಾಜ್ಯಕ್ಕೆ, ಕೊನೆಗೆ ಸಮುದ್ರವನ್ನು ದಾಟಿ ಆಫ್ರಿಕ ಖಂಡದ ದೇಶಗಳಿಗೂ ಹೋದರು. ವಿಮಾನಯಾನವೆಂಬುದು ಸಿರಿವಂತರ ಸೊತ್ತೆಂದು ತಿಳಿದವರು ಇದನ್ನು ಕೇಳಿ ಬೆರಗಾಗಬಹುದು. ಶಾಲೆಯ ಮೆಟ್ಟಿಲನ್ನು ಪೂರಾ ಹತ್ತದವರೂ ಪರದೇಶದ ಪೇಟೆಯಲ್ಲಿ ಪರಭಾಷೆಯಲ್ಲಿ ವ್ಯಾಪಾರ ಮಾಡಿ ಹಿಂತಿರುಗುವರೆಂದರೆ, ಆ ಸಾಹಸವು ಯಾವ ವೈಶ್ಯಕುಲಕ್ಕಾದರೂ ಭೂಷಣವಾಗತಕ್ಕದ್ದು.

ಆದರೆ ಆಸರೆಯಿಲ್ಲದ ಸಾಹಸಕ್ಕೆ ಏನು ಗತಿಯೆಂಬುದನ್ನು ೨೦೨೩ರ ಏಪ್ರಿಲ್ ತಿಂಗಳು ತೋರಿಸಿಕೊಟ್ಟಿತು. ಆ ತಿಂಗಳ ೧೫ರಂದು ಸುಡಾನ್ ದೇಶದಲ್ಲಿ ಸೈನ್ಯಕ್ಕೂ ಅರೆಸೈನ್ಯಕ್ಕೂ ಯುದ್ಧ ಹತ್ತಿಕೊಂಡಾಗ ಕರ್ನಾಟಕದ ಹಕ್ಕಿಪಿಕ್ಕಿಗಳು ಅನೇಕರು ಅಲ್ಲಿ ಸಿಕ್ಕಿಕೊಂಡರು. ಅನ್ನ ನೀರುಗಳಿಗೆ ಪರದಾಡುತ್ತಿದ್ದ ಅವರ ವಿಷಯವಾಗಿ ಇಲ್ಲಿ ರಾಜಕೀಯ ಪಕ್ಷಗಳವರು ಪರಸ್ಪರ ಮಾತಿನ ಬಾಣಗಳನ್ನು ಎಸೆದುದನ್ನು ವಾಚಕರು ಮರೆತಿರಲಾರರು. ಕೇಂದ್ರ ಸರ್ಕಾರದವರು ‘ಕಾವೇರಿ’ ಎಂಬ ಹೆಸರಿನ ಕಾರ್ಯಾಚರಣೆಯನ್ನು ನಡೆಸಿ ೩,೮೦೦ಕ್ಕೂ ಹೆಚ್ಚು ಭಾರತೀಯರನ್ನು ಕ್ಷೇಮವಾಗಿ ಕರೆತಂದರು. ಅದಕ್ಕಾಗಿ ಅವರನ್ನು ಅಭಿನಂದಿಸಬೇಕು. ಬಂದವರು ಮನೆಗೆ ಸೇರಿದ ಮೇಲೆ ಪತ್ರಿಕೆಗಳೂ ಸುಮ್ಮನಾದುವು, ಪಕ್ಷಗಳೂ ಸುಮ್ಮನಾದುವು. ರಹದಾರಿ ಪತ್ರದ ನಿಯಮವೇನು, ಯಾವ ದೇಶದಲ್ಲಿ ಯಾವ ಅಪಾಯವಿದೆ, ಎಣ್ಣೆ ಮಾರುವುದಕ್ಕೆ ಯಾವ ಪರವಾನಗಿ ಬೇಕು, ಸಾಲದ ಕಾಗದಕ್ಕೆ ಹೆಬ್ಬೆಟ್ಟು ಒತ್ತುವ ಮುಂಚೆ ಏನನ್ನು ಓದಬೇಕು ಎಂಬುದನ್ನು ಅವರಿಗೆ ತಿಳಿಸತಕ್ಕ ಒಂದು ಸ್ಥಳವೂ ಇರಬೇಕಲ್ಲವೆ ಎಂಬ ಪ್ರಶ್ನೆಯು ಮಾತ್ರ ಅಲ್ಲಿಯೇ ಉಳಿಯಿತು.

ತರುಣರ ಕೇಂದ್ರವೆಂಬುದು ಪರದೇಶದಿಂದ ಬಂದ ಕಲ್ಪನೆ, ನಮ್ಮ ಗಿರಿಜನರಿಗೆ ಅದು ಒಗ್ಗದು ಎಂದು ಕೆಲವರು ಆಕ್ಷೇಪಿಸಬಹುದು. ಚರಿತ್ರೆಯು ಇದಕ್ಕೆ ವಿರುದ್ಧವಾದ ಸಾಕ್ಷ್ಯವನ್ನು ಹೇಳುತ್ತದೆ. ಮೈಸೂರು ಸೀಮೆಯ ಕಾಡುಕುರುಬರ ಹಾಡಿಗಳಲ್ಲಿ ಮದುವೆಯಾಗದ ಹುಡುಗರಿಗೆ ಒಂದು ಗುಡಿಸಲೂ ಹುಡುಗಿಯರಿಗೆ ಬೇರೊಂದು ಗುಡಿಸಲೂ ಇರುತ್ತಿದ್ದುವೆಂದೂ, ಹುಡುಗರದನ್ನು ‘ಪುಂಡುಗಾರ ಚಾವಡಿ’ ಎಂದು ಕರೆಯುತ್ತಿದ್ದರೆಂದೂ, ಇವೆರಡೂ ಯಜಮಾನನ ಮೇಲ್ವಿಚಾರಣೆಗೆ ಒಳಪಟ್ಟಿದ್ದುವೆಂದೂ ಆಂಗ್ಲರ ಕಾಲದ ಬರಹಗಳಲ್ಲಿ ಕಾಣುತ್ತೇವೆ. ಬಸ್ತರಿನ ಮುರಿಯಾ ಜನರಲ್ಲಿ ಇಂಥ ಮನೆಗೆ ಘೋಟುಲ್ ಎಂದು ಹೆಸರು. ವೆರಿಯರ್ ಎಲ್ವಿನ್ ಮಹಾಶಯರು ಅದರ ವಿಷಯವಾಗಿಯೇ ಒಂದು ದೊಡ್ಡ ಗ್ರಂಥವನ್ನು ೧೯೪೭ರಲ್ಲಿ ಪ್ರಕಟಿಸಿದರು. ನಾಗರ ಮೊರಂಗು, ಓರಾಂವರ ಧುಮಕುಡಿಯಾ ಇವೂ ಇದೇ ಬಗೆಯವು. ಹಿರಿಯರಿಂದ ಕಿರಿಯರಿಗೆ ಹಾಡು, ಕುಣಿತ, ಕಾಡಿನ ತಿಳಿವಳಿಕೆ, ನಡೆನುಡಿಯ ಕಟ್ಟುಪಾಡು ಇವೆಲ್ಲ ಇಂಥ ಮನೆಗಳಲ್ಲಿ ಹರಿದುಬರುತ್ತಿದ್ದುವು. ಹಾಡಿಗಳು ಒಡೆದು, ಜನರು ಕಾಡಿನಿಂದ ಹೊರಬಂದು, ಕೂಲಿಯ ಬಾಳು ಮೊದಲಾದ ಮೇಲೆ ಚಾವಡಿಯೂ ಅಳಿಯಿತು. ಆ ಜಾಗದಲ್ಲಿ ಹಲವೆಡೆ ಹೆಂಡದ ಅಂಗಡಿ ಬಂದು ಕುಳಿತಿತು. ನಾವು ಕೇಳುತ್ತಿರುವುದು ಹೊಸದೊಂದರ ಆಮದಲ್ಲ. ಕಳೆದುಹೋದುದೊಂದನ್ನು ಈ ಕಾಲಕ್ಕೆ ತಕ್ಕಂತೆ ಮತ್ತೆ ಕಟ್ಟಿಕೊಡುವುದು.

ಈ ಬಗೆಯ ಕೆಲಸದಲ್ಲಿ ಯಾವುದು ನಿಲ್ಲುತ್ತದೆ, ಯಾವುದು ನಿಲ್ಲುವುದಿಲ್ಲವೆಂಬುದಕ್ಕೆ ನಮ್ಮ ನಾಡಿನಲ್ಲಿಯೇ ನಿದರ್ಶನಗಳಿವೆ. ಉತ್ತರ ಕನ್ನಡದ ಸಿದ್ದಿ ಜನರ ಪೂರ್ವಿಕರು ಆಫ್ರಿಕದಿಂದ ಬಂದವರು. ೧೯೮೦ರ ದಶಕದ ಉತ್ತರಾರ್ಧದಲ್ಲಿ ಭಾರತ ಕ್ರೀಡಾ ಪ್ರಾಧಿಕಾರದವರು ವಿಶೇಷ ಪ್ರದೇಶ ಕ್ರೀಡಾ ಯೋಜನೆಯೆಂಬುದರ ಅಡಿಯಲ್ಲಿ ಈ ಜನರ ಹುಡುಗ ಹುಡುಗಿಯರನ್ನು ಆರಿಸಿ ಓಟ, ಎಸೆತ, ಜಿಗಿತಗಳಲ್ಲಿ ಶಿಕ್ಷಣ ಕೊಟ್ಟರು. ಕೆಲವರು ರಾಷ್ಟ್ರಮಟ್ಟದಲ್ಲಿ ಮಿಂಚಿದರು. ಕೆಲವರಿಗೆ ಕ್ರೀಡೆಯ ಬಲದಿಂದ ಸರ್ಕಾರಿ ಉದ್ಯೋಗವೂ ದೊರೆಯಿತು. ಆದರೆ ೧೯೯೩ರಲ್ಲಿ ಸಿದ್ದಿಗಳ ಪಾಲಿಗೆ ಆ ಯೋಜನೆಯು ನಿಂತುಹೋಯಿತು. ಓಟದ ಅರ್ಧ ಹಾದಿಯಲ್ಲಿದ್ದ ಹುಡುಗರು ಮರಳಿ ಕಾಡಿನಂಚಿನ ಗುಡಿಸಲಿಗೆ ಬಂದರು. ಅವರ ಕಾಲುಗಳಲ್ಲಿ ಶಕ್ತಿ ಕಡಿಮೆಯಾದುದರಿಂದ ಹೀಗಾದುದಲ್ಲ. ದೆಹಲಿಯ ಕಡತದಲ್ಲಿ ಹುಟ್ಟಿದ ಯೋಜನೆಯನ್ನು ದೆಹಲಿಯ ಕಡತವೇ ಮುಗಿಸಿತು. ನಡುವೆ ಸಿದ್ದಿಗಳನ್ನು ಕೇಳಿದವರಾರು? ಈ ಜನರು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದುದು ೨೦೦೩ರಲ್ಲಿ. ಅವರಲ್ಲೊಬ್ಬರಾದ ಶಾಂತಾರಾಮ ಬುಡ್ನ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡುದು ೨೦೨೦ರಲ್ಲಿ. ಕೇಳತಕ್ಕ ಧ್ವನಿಯೊಂದು ಮೂವತ್ತು ವರ್ಷ ಮುಂಚೆಯೇ ಇದ್ದಿದ್ದರೆ ಆ ಯೋಜನೆಯು ಅಷ್ಟು ಸುಲಭವಾಗಿ ಕಣ್ಮುಚ್ಚುತ್ತಿರಲಿಲ್ಲ.

ಇನ್ನೊಂದು ಕಡೆ ಬಿಳಿಗಿರಿರಂಗನ ಬೆಟ್ಟವನ್ನು ನೋಡಿರಿ. ಡಾಕ್ಟರ್ ಎಚ್. ಸುದರ್ಶನರು ೧೯೮೧ರಲ್ಲಿ ಅಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ಸ್ಥಾಪಿಸಿ ಸೋಲಿಗರ ನಡುವೆ ನೆಲೆನಿಂತರು. ವೈದ್ಯಕೀಯದಿಂದ ಮೊದಲಾದ ಕಾರ್ಯವು ಶಾಲೆಗೂ ಕಸಬುಗಳ ಶಿಕ್ಷಣಕ್ಕೂ ಬೆಳೆಯಿತು. ಅಲ್ಲಿ ಓದಿದ ಸೋಲಿಗ ತರುಣರು ತಮ್ಮವರ ಸಂಘವನ್ನು ತಾವೇ ನಡೆಸುವಷ್ಟಾದರು. ೨೦೧೧ರಲ್ಲಿ ಹುಲಿ ಸಂರಕ್ಷಿತ ಪ್ರದೇಶದೊಳಗೇ ಅವರ ಸಮುದಾಯ ಅರಣ್ಯಹಕ್ಕಿಗೆ ಮಾನ್ಯತೆ ದೊರೆತುದು ಆ ಎಚ್ಚರದ ಫಲವೆನ್ನಬೇಕು. ಹೆಗ್ಗಡದೇವನಕೋಟೆಯಲ್ಲಿ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಎಂಬ ಸಂಸ್ಥೆಯನ್ನು ೧೯೮೪ರಲ್ಲಿ ಮೊದಲು ಮಾಡಿದವರು ಮೈಸೂರಿನ ವೈದ್ಯವಿದ್ಯಾರ್ಥಿಗಳು. ಹೊಸಹಳ್ಳಿಯ ಗಿರಿಜನ ಶಾಲೆ ಅವರ ಕೃಷಿಯಿಂದ ಬೆಳೆದುದು. ಈ ಎರಡೂ ಕಡೆ ದುಡ್ಡಿಗಿಂತ ಹೆಚ್ಚಾಗಿ ಕೆಲಸ ಮಾಡಿದುದು ಒಂದೇ ಗುಣ. ಬಂದವರು ವರ್ಗವಾಗಿ ಹೋಗಲಿಲ್ಲ. ಜನರು ತಾವು ಕಲಿತುದನ್ನು ತಮ್ಮವರಿಗೆ ಕಲಿಸುವವರೆಗೆ ನಿಂತರು.

ಗಿರಿಜನರಿಗೆ ನಾಯಕತ್ವವು ಹೊರಗಿನಿಂದ ಬರಬೇಕೆಂದು ತಿಳಿಯುವುದೂ ತಪ್ಪು. ೧೯೨೮ರಲ್ಲಿ ಆಮ್‌ಸ್ಟರ್‌ಡಾಮಿನ ಒಲಿಂಪಿಕ್ ಕೂಟದಲ್ಲಿ ಭಾರತಕ್ಕೆ ಚಿನ್ನದ ಪದಕವನ್ನು ತಂದ ಹಾಕಿ ತಂಡದ ನಾಯಕರಾಗಿದ್ದವರು ಮುಂಡಾ ಪಂಗಡದ ಜೈಪಾಲ್ ಸಿಂಗರು. ಅವರೇ ಮುಂದೆ ರಾಜ್ಯಾಂಗ ರಚನಾ ಸಭೆಯಲ್ಲಿ ಆದಿವಾಸಿಗಳ ಧ್ವನಿಯಾದರು. ನಮ್ಮಲ್ಲಿಯೇ ಹೆಗ್ಗಡದೇವನಕೋಟೆ ಸೀಮೆಯ ಜೇನುಕುರುಬ ಸೇವಾಕರ್ತ ಸೋಮಣ್ಣನವರಿಗೆ ೨೦೨೪ರಲ್ಲಿ ಪದ್ಮಶ್ರೀ ಗೌರವ ಸಂದಿತು. ಆಟದ ಬಯಲೋ ಓದುವ ಮನೆಯೋ ದೊರೆತಲ್ಲಿ ಇಂಥವರು ಇನ್ನೆಷ್ಟೋ ಮಂದಿ ಕಾಣಿಸಿಕೊಳ್ಳುವರು.

ಹೊರದೇಶಗಳ ಅನುಭವವೂ ಇಲ್ಲಿ ಉಪಯುಕ್ತವಾದುದು. ಆಸ್ಟ್ರೇಲಿಯದಲ್ಲಿ ಮೂಲನಿವಾಸಿಗಳ ಮಕ್ಕಳನ್ನು ‘ತಿದ್ದುವ’ ನೆವದಿಂದ ತಂದೆತಾಯಿಗಳಿಂದ ಕಿತ್ತು ಬೇರೆಡೆ ಬೆಳೆಸುವ ಪದ್ಧತಿಯು ೧೯೭೦ರ ದಶಕದವರೆಗೂ ನಡೆದುಬಂದಿತು. ಅದರಿಂದಾದ ಅನರ್ಥಕ್ಕಾಗಿ ಆ ದೇಶದ ಪ್ರಧಾನಮಂತ್ರಿಗಳು ೨೦೦೮ರ ಫೆಬ್ರವರಿ ೧೩ರಂದು ಪಾರ್ಲಿಮೆಂಟಿನಲ್ಲಿ ಕ್ಷಮೆ ಬೇಡಿದರು. ಅದೇ ದೇಶದ ಪರ್ತ್ ನಗರದಲ್ಲಿ ೨೦೦೦ದಲ್ಲಿ ಮೊದಲಾದ ಕ್ಲಾಂಟಾರ್ಫ್ ಎಂಬ ಸಂಸ್ಥೆಯು ಬೇರೊಂದು ಹಾದಿಯನ್ನು ಹಿಡಿಯಿತು. ಹುಡುಗರಿಗೆ ಪ್ರಿಯವಾದ ಕಾಲ್ಚೆಂಡಿನ ಆಟದ ಮೂಲಕವೇ ಅವರನ್ನು ಶಾಲೆಯಲ್ಲಿ ಉಳಿಸುವುದು ಅದರ ಕ್ರಮ. ಕೆನಡದಲ್ಲಿ ಕಾಡುನೆಲದಿಂದ ನಗರಕ್ಕೆ ಬಂದ ಮೂಲನಿವಾಸಿಗಳಿಗಾಗಿ ೧೯೫೯ರಲ್ಲಿ ವಿನ್ನಿಪೆಗ್ ಪಟ್ಟಣದಲ್ಲಿ ‘ಸ್ನೇಹ ಕೇಂದ್ರ’ವೊಂದು ತೆರೆಯಿತು, ಇಂದು ಆ ದೇಶದಲ್ಲಿ ಅಂಥವು ನೂರಕ್ಕೂ ಮಿಕ್ಕಿವೆ. ಮಕ್ಕಳನ್ನು ಅವರ ಜನರಿಂದ ಬೇರ್ಪಡಿಸಿದ ಕಡೆ ದೇಶವೇ ತಲೆತಗ್ಗಿಸಬೇಕಾಯಿತು. ಅವರ ಜನರ ನಡುವೆಯೇ ಮನೆ ಕಟ್ಟಿದ ಕಡೆ ಆ ಮನೆ ಬೆಳೆಯಿತು. ಈ ಪಾಠವನ್ನು ನಾವು ಅವರಷ್ಟು ಬೆಲೆ ತೆರದೆಯೇ ಕಲಿಯಬಹುದು.

ಹಾಗಾದರೆ ಶಿವಮೊಗ್ಗದ ಚಾವಡಿಯು ಹೇಗಿರಬೇಕು? ಕಟ್ಟಡವು ದೊಡ್ಡದಾಗಬೇಕಿಲ್ಲ. ಎರಡು ಕೋಣೆ, ಒಂದು ಜಗಲಿ, ಮುಂದೆ ಕಬಡ್ಡಿಗೂ ಓಟಕ್ಕೂ ಸಾಲುವಷ್ಟು ಬಯಲು, ರಾತ್ರಿ ಒಂಬತ್ತರವರೆಗೆ ದೀಪ, ಹೆಣ್ಣುಮಕ್ಕಳು ನಿರ್ಭಯವಾಗಿ ಬಂದುಹೋಗತಕ್ಕ ಏರ್ಪಾಡು. ಇಷ್ಟಾದರೆ ಮೊದಲಿಗೆ ಸಾಕು. ಹಗಲು ದುಡಿಯುವವರಿಗಾಗಿ ಸಂಜೆಯ ಪಾಠವಿರಬೇಕು. ಪಾಠವು ಕನ್ನಡದಲ್ಲಿ ನಡೆಯಲಿ, ಆದರೆ ವಾಗ್ರಿಯನ್ನು ಬಲ್ಲವರು ಒಬ್ಬರಾದರೂ ಬೋಧಕರಲ್ಲಿರಲಿ. ಮನೆಮಾತನ್ನು ಹೊಸ್ತಿಲಲ್ಲಿ ಬಿಟ್ಟು ಬಾ ಎಂದರೆ ಮಗುವು ಅರ್ಧ ಮನಸ್ಸನ್ನೂ ಅಲ್ಲಿಯೇ ಬಿಟ್ಟು ಬರುವುದು. ಜಾತಿ ಪ್ರಮಾಣಪತ್ರ, ಬ್ಯಾಂಕಿನ ಕಾಗದ, ಪಾಸ್‌ಪೋರ್ಟ್, ವ್ಯಾಪಾರದ ಪರವಾನಗಿ, ೨೦೦೬ರ ಅರಣ್ಯ ಹಕ್ಕು ಕಾಯಿದೆಯ ಅರ್ಜಿ ಇವುಗಳನ್ನು ತುಂಬಿಕೊಡುವುದಕ್ಕೂ, ಅದಕ್ಕಿಂತ ಮುಖ್ಯವಾಗಿ ತುಂಬುವುದನ್ನು ಕಲಿಸುವುದಕ್ಕೂ ವಾರಕ್ಕೊಂದು ದಿನ ಗೊತ್ತಾಗಿರಲಿ. ಎಣ್ಣೆ ಕಾಯಿಸುವವರಿಗೆ ಶುಚಿತ್ವ, ಅಳತೆ, ಲೆಕ್ಕ, ಔಷಧದ ಕಾನೂನು ಇವುಗಳ ತಿಳಿವಳಿಕೆ ದೊರೆತರೆ ಅವರ ಪದಾರ್ಥಕ್ಕೆ ಊರಿನಲ್ಲಿಯೇ ಬೆಲೆ ಬರುವುದು. ಯುದ್ಧದ ನಾಡಿಗೆ ಹೋಗಲೇಬೇಕಾದ ಒತ್ತಾಯವೂ ತಗ್ಗುವುದು. ಹಸಲರ ಮಕ್ಕಳಿಗೆ ತೋಟದ ಕೂಲಿಯ ಹೊರತಾದ ಕಸಬುಗಳ ಪರಿಚಯವಾಗಬೇಕು. ಭದ್ರಾವತಿಯಲ್ಲಿ ೧೯೨೩ರಲ್ಲಿ ಕಬ್ಬಿಣದ ಕುಲುಮೆ ಹೊತ್ತಿದಾಗ ನಮ್ಮ ನಾಡಿನ ರೈತರ ಮಕ್ಕಳೇ ಆ ಕೆಲಸವನ್ನು ಕಲಿತು ನಿಪುಣರಾಗಲಿಲ್ಲವೆ? ಕಸಬು ಯಾರ ರಕ್ತದಲ್ಲಿಯೂ ಹುಟ್ಟಿ ಬರುವುದಿಲ್ಲ, ಕಲಿಸುವವರಿದ್ದರೆ ಬರುವುದು.

ಎಲ್ಲಕ್ಕಿಂತ ಮುಖ್ಯವಾದುದು ಆಡಳಿತ. ಚಾವಡಿಯ ಸಮಿತಿಯಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಆ ಸಮಾಜಗಳ ತರುಣ ತರುಣಿಯರೇ ಆಗಿರಬೇಕು. ಬೀಗದ ಕೈ ಅವರ ಕೈಯಲ್ಲಿರಬೇಕು. ಲೆಕ್ಕವನ್ನು ಅವರು ಬರೆಯಲಿ, ಅಧಿಕಾರಿಗಳು ಪರೀಕ್ಷಿಸಲಿ. ಗಿರಿಜನರು ತಮ್ಮ ಸ್ವಭಾವಕ್ಕೆ ತಕ್ಕಂತೆ ಬೆಳೆಯಬೇಕು, ಅವರ ಕೆಲಸಕ್ಕೆ ಅವರವರನ್ನೇ ಸಿದ್ಧಪಡಿಸಬೇಕು, ಅವರ ಮೇಲೆ ಅಧಿಕಾರದ ಭಾರವನ್ನು ಅತಿಯಾಗಿ ಹೇರಬಾರದು ಎಂಬಿವು ಪಂಡಿತ ನೆಹರೂ ಅವರು ಹಾಕಿಕೊಟ್ಟ ಪಂಚಶೀಲದಲ್ಲಿಯೇ ಸೇರಿದ ಸೂತ್ರಗಳು. ಗಾಂಧೀಜಿಯವರು ರಚನಾತ್ಮಕ ಕಾರ್ಯಕ್ರಮದಲ್ಲಿ ಆದಿವಾಸಿಗಳ ಸೇವೆಗೆ ಸ್ಥಾನ ಕೊಟ್ಟರು. ಅದಕ್ಕೂ ಮುಂಚೆಯೇ, ೧೯೨೨ರಲ್ಲಿ, ಠಕ್ಕರ್ ಬಾಪಾ ಅವರು ದಾಹೋದಿನಲ್ಲಿ ಭೀಲ ಸೇವಾ ಮಂಡಲವನ್ನು ಸ್ಥಾಪಿಸಿದ್ದರು. ಆ ಹಿರಿಯರ ಭಾವಚಿತ್ರಗಳು ನಮ್ಮ ಕಚೇರಿಗಳ ಗೋಡೆಗಳಲ್ಲಿ ತೂಗುತ್ತಿವೆ. ಅವರ ಸೂತ್ರಗಳು ಕಡತಗಳಿಗೂ ಇಳಿಯಬೇಕಲ್ಲವೆ?

ಹಣವೆಲ್ಲಿ ಎಂಬ ಪ್ರಶ್ನೆಯನ್ನು ಅಧಿಕಾರಿಗಳು ಕೇಳುವರೆಂದು ಬಲ್ಲೆವು. ವಿಮಾನ ನಿಲ್ದಾಣಕ್ಕಾಗಿ ಕೋಟಿಗಟ್ಟಲೆ ಹಣವನ್ನು ವೆಚ್ಚಮಾಡಿದ ಜಿಲ್ಲೆಯಲ್ಲಿ ಎರಡು ಕೋಣೆಯ ಮನೆಗೂ ಒಬ್ಬ ಬೋಧಕನ ಸಂಬಳಕ್ಕೂ ಹಣವಿಲ್ಲವೆಂದರೆ ನಂಬುವವರು ಕಡಿಮೆ. ಕರೆದರೂ ಅವರು ಬರುವುದಿಲ್ಲ, ಅಲೆಮಾರಿಗಳು ಒಂದೆಡೆ ನಿಲ್ಲುವುದಿಲ್ಲವೆಂಬುದು ಮತ್ತೊಂದು ಮಾತು. ಅಲೆಯುವವರು ಹಿಂತಿರುಗುವ ಋತುವೂ ಇರುತ್ತದೆ; ಆ ಋತುವನ್ನು ಅವರನ್ನೇ ಕೇಳಿ ಗೊತ್ತುಮಾಡಿಕೊಂಡರೆ ಪಾಠದ ಕಾಲವನ್ನು ಅದಕ್ಕೆ ಹೊಂದಿಸಬಹುದು. ಬೇಸಗೆಯ ರಜೆಯನ್ನು ಸಾಹೇಬರ ಕಾಲದಿಂದ ಅನುಭವಿಸುತ್ತಿರುವ ನಮ್ಮ ಕಚೇರಿಗಳಿಗೆ ಋತುಮಾನದ ಅರಿವು ಕಷ್ಟವಾಗಲಾರದು.

ಇಲ್ಲಿ ಕಾರಾಗೃಹದ ಮಾತನ್ನೂ ಆಡಬೇಕಾಗಿದೆ. ೧೮೭೧ರಲ್ಲಿ ಆಂಗ್ಲ ಸರ್ಕಾರವು ಅಲೆದಾಡುವ ಎಷ್ಟೋ ಜನಾಂಗಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಶಾಸನ ಮಾಡಿತು. ಸ್ವತಂತ್ರ ಭಾರತವು ೧೯೫೨ರಲ್ಲಿ ಆ ಕಳಂಕವನ್ನು ಕಾನೂನಿನಿಂದ ತೊಡೆದುಹಾಕಿತು. ಆದರೂ ಸೆರೆಮನೆಯ ನಿಯಮಗಳಲ್ಲಿ ಅದರ ಕಲೆ ಉಳಿದಿದ್ದುದನ್ನು ಸರ್ವೋಚ್ಚ ನ್ಯಾಯಾಲಯವು ೨೦೨೪ರ ಅಕ್ಟೋಬರ್ ೩ರಂದು ಖಂಡಿಸಿ, ಜಾತಿಯನ್ನು ನೋಡಿ ಕೆಲಸ ಹಚ್ಚುವ ನಿಯಮಗಳನ್ನು ಅಸಿಂಧುವೆಂದು ತೀರ್ಮಾನಿಸಿತು. ನ್ಯಾಯಾಲಯವು ನಿಯಮವನ್ನು ತಿದ್ದಬಲ್ಲುದು. ನೋಟವನ್ನು ತಿದ್ದುವ ಕೆಲಸವು ನಮ್ಮದು. ಗಂಟುಹೊತ್ತು ಬೀದಿಗೆ ಬಂದ ತರುಣನನ್ನು ಮೊದಲು ಸಂಶಯದಿಂದ ನೋಡುವ ಪಟ್ಟಣಿಗನು, ಠಾಣೆಗೆ ಕರೆಸಿ ಊರು ಕೇರಿ ವಿಚಾರಿಸುವ ಅಧಿಕಾರಿಯು, ಆ ತರುಣನಿಗೆ ಹೋಗತಕ್ಕ ಮತ್ತೊಂದು ಬಾಗಿಲನ್ನು ತಾವು ತೆರೆದಿದ್ದೇವೆಯೆ ಎಂದು ತಮ್ಮನ್ನು ತಾವು ಕೇಳಿಕೊಳ್ಳಬೇಕು.

ಜಿಲ್ಲಾಧಿಕಾರಿಗಳು, ಪರಿಶಿಷ್ಟ ಪಂಗಡಗಳ ಕಲ್ಯಾಣ ಇಲಾಖೆಯವರು, ಶಾಸಕರು ಈ ವಿಷಯವನ್ನು ಗಮನಕ್ಕೆ ತಂದುಕೊಳ್ಳಬೇಕೆಂದು ಪ್ರಾರ್ಥಿಸುತ್ತೇವೆ. ಅವರ ಆಜ್ಞೆಗಾಗಿ ಕಾಯದೆ ಪುರಜನರೂ ಕೈಹಾಕಬಹುದು. ನಿವೃತ್ತ ಉಪಾಧ್ಯಾಯರು ವಾರಕ್ಕೆರಡು ಸಂಜೆಯನ್ನು, ವಕೀಲರು ತಿಂಗಳಿಗೊಂದು ಭಾನುವಾರವನ್ನು, ವರ್ತಕರು ಲೆಕ್ಕ ಬರೆಯುವ ವಿದ್ಯೆಯನ್ನು, ಕ್ರೀಡಾಪಟುಗಳು ತಮ್ಮ ಬೆಳಗಿನ ಒಂದು ಗಂಟೆಯನ್ನು ಕೊಟ್ಟರೆ ಕಟ್ಟಡ ಏಳುವ ಮುಂಚೆಯೇ ಮರದ ನೆರಳಿನಲ್ಲಿ ಚಾವಡಿಯು ಮೊದಲಾಗುವುದು. ಮೊದಲ ಹೆಜ್ಜೆಯಾಗಿ ಸದಾಶಿವಪುರಕ್ಕೆ ಹೋಗಿ ಅಲ್ಲಿಯ ತರುಣರನ್ನು ಕುಳ್ಳಿರಿಸಿಕೊಂಡು, ನಿಮಗೆ ಏನು ಬೇಕು ಎಂದು ಕೇಳಿ, ಅವರು ಹೇಳಿದುದನ್ನು ಹೇಳಿದಂತೆಯೇ ಬರೆದುಕೊಂಡು ಬರುವ ನಾಲ್ಕು ಮಂದಿ ಮಹನೀಯರು ಈ ಊರಿನಲ್ಲಿ ದೊರೆಯುವರೆಂದೇ ನಮ್ಮ ನಂಬಿಕೆ.